ಮಾವಿನ ತೋಪು ಮತ್ತು ಡೈರಿ ಬಟವಾಡೆ

ಶ್ರೀನಿವಾಸಪುರದ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನನಗೆ 44 ವರ್ಷ. ಖಾಸಗಿ ಶಾಲೆಯಲ್ಲಿ ಕೆಲಸ. ಎರಡು ಎಕರೆ ಮಾವಿನ ತೋಪಿದೆ. ಸಾಲ ಮಾಡಿ ಕೋಲಾರದ ಹತ್ತಿರ ಒಂದು ಸೈಟು ತಗೊಂಡಿದ್ದೇನೆ, ಇನ್ನೊಂದಕ್ಕೆ ಅಡ್ವಾನ್ಸ್ ಕೊಡೋಣ ಅಂತಿದ್ದೇನೆ. ಮುಪ್ಪಿಗೆ ಇಷ್ಟು ಸಾಲದಾ? ಪ್ರತಿ ಸಂಚಿಕೆಯಲ್ಲೂ ಪಿಪಿಎಫ್ (ಸರ್ಕಾರದ 15 ವರ್ಷದ ಉಳಿತಾಯ ಖಾತೆ), ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಹಾಕುವ ಕಂತು) ಅಂತ ಯಾಕೆ ಬರೆಯುತ್ತೀರಿ? ನಮ್ಮ ಮನೆಯವರೂ ನಿಮ್ಮ ಕಡೆಗೇ ವಾದ ಮಾಡುತ್ತಾರೆ.”

ಮೇಷ್ಟ್ರೇ, ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಮ್ಮ ಕಡೆ ಭೂಮಿ ಇದ್ದವರಿಗೆ ಒಂದು ಧೈರ್ಯ ಇರುತ್ತದೆ. ಬೆಂಗಳೂರು ಹತ್ತಿರವಾದ ಹಾಗೆಲ್ಲ ಸೈಟಿನ ಬೆಲೆಯೂ ಏರಿದೆ. ನಿಮ್ಮ ಲೆಕ್ಕ ಪೂರ್ತಿ ತಪ್ಪಲ್ಲ.

ಆದರೆ ಮುಪ್ಪಿನಲ್ಲಿ ಬೇಕಾಗೋದು ಆಸ್ತಿಗಿಂತ ಜಾಸ್ತಿಯಾಗಿ ತಿಂಗಳಿಗೆ ಬರುವ ದುಡ್ಡು. ಇದನ್ನು ನಾನು ಕಲಿತಿದ್ದು ನಮ್ಮಮ್ಮನಿಂದ. ಅಪ್ಪ ಹೋದಾಗ ನಮಗೂ ಮಾವಿನ ತೋಪಿತ್ತು. ಒಂದು ವರ್ಷ ಕಾಯಿ ಹಿಡಿದರೆ ಮರುವರ್ಷ ಬರೀ ಎಲೆ. ಮನೆ ನಡೆದದ್ದು ಎರಡು ಹಸುಗಳ ಮೇಲೆ. ಹದಿನೈದು ದಿನಕ್ಕೊಮ್ಮೆ ಡೈರಿಯಲ್ಲಿ ಬಟವಾಡೆ. ಅಮ್ಮ ಹಾಲಿನ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗೋರು. ಬಂದವರೇ ನೋಟುಗಳನ್ನು ಚಾಪೆ ಮೇಲೆ ಮೂರು ಪಾಲು ಮಾಡೋರು: ಅಂಗಡಿ ಬಾಕಿ, ಹಿಂಡಿ-ಬೂಸಾ, ಬಿಪಿ ಮಾತ್ರೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಆಸ್ತಿ ಅಂದರೆ ತೋಪೇ. ಆದರೆ ಅಮ್ಮನ ಮಾತ್ರೆ ತಂದಿದ್ದು ಹಸು.

2025ರ ಜೂನ್ ನಿಮಗೆ ನೆನಪಿದೆ ಅಲ್ವಾ? ಆಂಧ್ರದ ಚಿತ್ತೂರು ಜಿಲ್ಲೆಯವರು ನಮ್ಮ ತೋತಾಪುರಿ ಮಾವನ್ನು ಗಡಿಯಲ್ಲೇ ತಡೆದರು. ಬೆಲೆ ಮೊದಲೇ ಬಿದ್ದಿತ್ತು. ನಿಮ್ಮ ಊರಿನ ಮಂಡಿಗಳ ಮುಂದೆ ನಿಂತ ರೈತರ ಮುಖ ನೀವೇ ನೋಡಿರುತ್ತೀರಿ. ಅಂಥ ವರ್ಷ 70 ವಯಸ್ಸಿನಲ್ಲಿ ಬಂದರೆ ಏನು ಮಾಡುತ್ತೀರಿ?

ಇನ್ನು ಸೈಟು. ನನ್ನ ಸೋದರಮಾವ ನಿವೃತ್ತಿಯ ದುಡ್ಡನ್ನೆಲ್ಲ ಎರಡು ಸೈಟಿಗೆ ಹಾಕಿದರು. ಅತ್ತೆಗೆ ಆಪರೇಷನ್ ಆಗಬೇಕಾದಾಗ ಒಂದನ್ನು ಮಾರಲು ಹೊರಟರು. ಅದು ರೆವಿನ್ಯೂ ಸೈಟು, ಅಂದರೆ ಕೃಷಿ ಭೂಮಿಯನ್ನು ಪರಿವರ್ತನೆ ಮಾಡಿಸದೆ ತುಂಡು ಮಾಡಿದ್ದು. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಖಾತೆ ಇಲ್ಲ, ನೋಂದಣಿ ಆಗಲ್ಲ. ಕೊನೆಗೆ ಇನ್ನೊಂದನ್ನು ಅರ್ಧ ಬೆಲೆಗೆ ಕೊಟ್ಟರು. ಕೊಂಡವನು ನಮ್ಮ ಸಂಬಂಧಿಕನೇ. ಸೈಟಿನ ಒಂದು ಮೂಲೆ ಮುರಿದು ಆಸ್ಪತ್ರೆ ಬಿಲ್ ಕಟ್ಟೋಕಾಗಲ್ಲ ಮೇಷ್ಟ್ರೇ.

ನಿಮಗೆ ಪಿಎಫ್ ಇದೆ ಅಂತ ಇಟ್ಟುಕೊಳ್ಳೋಣ. ಅದರ ಪಿಂಚಣಿ ಲೆಕ್ಕ ನೀವೇ ಹಾಕಬಹುದು: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳದ ಮಿತಿ 15,000. ಹಾಗಾಗಿ 25 ವರ್ಷ ದುಡಿದರೂ ಐದೂವರೆ ಸಾವಿರದ ಆಸುಪಾಸು.

ಎರಡನೇ ಸೈಟಿನ ಕಂತಿನ ಬದಲು ತಿಂಗಳಿಗೆ 5,000 ಪಿಪಿಎಫ್‌ಗೆ ಹಾಕಿ ನೋಡಿ. 2020ರ ಏಪ್ರಿಲ್‌ನಿಂದ ಇರುವ ಶೇ 7.1 ಬಡ್ಡಿಯೇ ಮುಂದುವರಿದರೆ, 15 ವರ್ಷಕ್ಕೆ ನೀವು ಕಟ್ಟಿದ 9 ಲಕ್ಷ ಸುಮಾರು ಹದಿನೈದೂವರೆ ಲಕ್ಷ ದಾಟುತ್ತದೆ. 60 ತುಂಬಿದ ಮೇಲೆ ಅದರಲ್ಲಿ 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ, ಈಗಿನ ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೆ 30,750 ರೂಪಾಯಿ ಕೈಗೆ ಬರುತ್ತದೆ. ಅಸಲು ಹಾಗೇ ಇರುತ್ತದೆ. ಇದು ನಿಮ್ಮ ಬಟವಾಡೆ.

ಇಷ್ಟರಿಂದಲೇ ಸಾಗಲ್ಲ, ಗೊತ್ತು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷದಲ್ಲಿ ಖರ್ಚು ಇಮ್ಮಡಿ. ಅದಕ್ಕೇ ಉಳಿತಾಯದ ಒಂದು ಪಾಲು ಎಸ್‌ಐಪಿಯಾಗಿ ಇಂಡೆಕ್ಸ್ ಫಂಡ್‌ನಲ್ಲಿರಲಿ, ಅಂದರೆ ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೇ ದುಡ್ಡು ಹಾಕುವ ಫಂಡ್‌ನಲ್ಲಿರಲಿ ಅಂತ ಬರೆಯುತ್ತೇವೆ. ಷೇರುಪೇಟೆ ಬೀಳುತ್ತದೆ, ನಿಜ. ಆದರೆ ಹದಿನಾರು ವರ್ಷ ಕಾಯೋಕೆ ನಿಮಗಿನ್ನೂ ವಯಸ್ಸಿದೆ. ತಗೊಳ್ಳುವಾಗ ಡೈರೆಕ್ಟ್ ಪ್ಲಾನ್ ಕೇಳಿ, ಅಂದರೆ ನಡುವೆ ಏಜೆಂಟರಿಲ್ಲದೆ ನೇರ ಕೊಳ್ಳೋದು. ಕಮಿಷನ್ ನಿಮ್ಮ ದುಡ್ಡಿನಿಂದ ಹೋಗಲ್ಲ. 2013ರಿಂದಲೂ ಇದಿದೆ, ಆದರೆ ನಮ್ಮೂರುಗಳಲ್ಲಿ ಹೇಳುವವರಿಲ್ಲ.

ನನಗೆ ಹೊಟ್ಟೆ ಉರಿಯೋದೇ ಇಲ್ಲಿ. ಎಫ್‌ಡಿ ಮಾಡಿಸಲು ಹೋದ ನನ್ನ ತಂಗಿಗೆ ಒಂದು ಬ್ಯಾಂಕಿನವರು ಇನ್ಶೂರೆನ್ಸ್ ಬಾಂಡ್ ಕೊಟ್ಟು ಕಳಿಸಿದರು. ಅದು ಗೊತ್ತಾಗಿದ್ದು ಎರಡನೇ ವರ್ಷ ಪ್ರೀಮಿಯಂ ಕಟ್ಟಿ ಅಂತ ಫೋನ್ ಬಂದಾಗ. ಮಕ್ಕಳಿಗೆ ಚಕ್ರಬಡ್ಡಿ ಲೆಕ್ಕ ಕಲಿಸುತ್ತೇವೆ, ಬಾಂಡ್ ಓದೋದು ಕಲಿಸಲ್ಲ. ಇನ್ನು ಸರ್ಕಾರ. ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ 1,000 ಅಂತಾಯಿತು. ಅದಾಗಿ ಹತ್ತು ವರ್ಷ ದಾಟಿದರೂ ಅಷ್ಟೇ ಇತ್ತು. ಒಂದು ಗ್ಯಾಸ್ ಸಿಲಿಂಡರ್ ತಂದರೆ ಚಿಲ್ಲರೆ ಉಳಿಯುತ್ತದೆ. ಜೀವಮಾನವಿಡೀ ದುಡಿದವರಿಗೆ ಇದು ಅವಮಾನ. ಹಾಲು ಕರೆದು, ರೇಷ್ಮೆ ಹುಳ ಮೇಯಿಸಿ ಈ ಜಿಲ್ಲೆಗೆ ಹೆಸರು ತಂದ ಹೆಂಗಸರಿಗಂತೂ ಆ ಪಿಎಫ್ ಪಿಂಚಣಿಯೂ ಇಲ್ಲ.

ಅದಕ್ಕೇ ನಿಮ್ಮ ಪತ್ರದ ಕೊನೆ ಸಾಲು ನನಗೆ ತುಂಬ ಇಷ್ಟವಾಯಿತು. ಎರಡನೇ ಸೈಟಿಗೆ ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಮನೆಯವರನ್ನು ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ. ಅವರ ಹೆಸರಲ್ಲೂ ಒಂದು ಪಿಪಿಎಫ್ ಖಾತೆ ತೆರೆಯಿರಿ, ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ. ಮುಂದಿನ ಪತ್ರ ಅವರೇ ಬರೆಯಲಿ. ಪೂರ್ತಿ ಅಚ್ಚು ಹಾಕುತ್ತೇನೆ.

– ಸಂ.