ಓದುಗರ ಪ್ರಶ್ನೆ: ಟಿಟ್ಟಿಭ ಏಕೆ ಎರಗಿ ಬರುತ್ತದೆ?

ಪ್ರಶ್ನೆ: ದಾವಣಗೆರೆಯ ಕುಂದವಾಡ ಕೆರೆಯ ಸುತ್ತ ದಿನವೂ ಬೆಳಗ್ಗೆ ನಡೆಯಲು ಹೋಗುತ್ತೇನೆ. ಈಚೆಗೆ ದಾರಿ ಪಕ್ಕದ ಬಯಲಿನಲ್ಲಿ ಜೋಡಿ ಟಿಟ್ಟಿಭಗಳು ನನ್ನನ್ನು ಕಂಡೊಡನೆ ಕಿರುಚುತ್ತ ತಲೆಯ ಮೇಲೆಯೇ ಎರಗಿ ಬರುತ್ತಿವೆ. ಎಷ್ಟು ಹುಡುಕಿದರೂ ಗೂಡು ಕಾಣಲಿಲ್ಲ. ಮೊಟ್ಟೆಗಳು ಸಿಕ್ಕರೆ ಬೀದಿನಾಯಿಗಳ ಬಾಯಿಗೆ ಬೀಳದಂತೆ ಬೇರೆಡೆ ಇಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕಾಳಜಿ ದೊಡ್ಡದು, ಆದರೆ ದಯವಿಟ್ಟು ಮೊಟ್ಟೆಗಳನ್ನು ಮುಟ್ಟಬೇಡಿ, ಹುಡುಕುವುದನ್ನೂ ಇಂದೇ ನಿಲ್ಲಿಸಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಟಿಟ್ಟಿಭಗಳು ಮರಿ ಮಾಡುವ ಕಾಲ. ಅದರ ಗೂಡೆಂದರೆ ಬಯಲು ನೆಲದಲ್ಲೊಂದು ಸಣ್ಣ ತಗ್ಗು, ಸುತ್ತ ಒಂದಿಷ್ಟು ಹರಳುಕಲ್ಲು, ಕೆಲವೊಮ್ಮೆ ಆಡಿನ ಹಿಕ್ಕೆ, ಅಷ್ಟೇ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳು ಚೂಪು ತುದಿಯನ್ನು ಒಳಕ್ಕೆ ಮಾಡಿಕೊಂಡು ಕೂತಿರುತ್ತವೆ. ಮಣ್ಣುಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವುದರಿಂದ ಎರಡು ಹೆಜ್ಜೆ ದೂರದಿಂದಲೂ ಕಲ್ಲೆಂದೇ ಅನಿಸುತ್ತವೆ. ಹುಡುಕುವವರ ಕಾಲಿಗೇ ಅವು ಸಿಕ್ಕಿ ಒಡೆಯುವ ಅಪಾಯವಿದೆ.

ಹಕ್ಕಿ ಕಿರುಚುವ ಜಾಗದಲ್ಲಿ ಗೂಡಿರುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜದಲ್ಲಿ ಕಾವು ಕೂತ ಹಕ್ಕಿಯು ನೀವು ದೂರದಲ್ಲಿರುವಾಗಲೇ ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿ ಅಷ್ಟು ದೂರ ಓಡಿ, ಆಮೇಲೆ ಹಾರಿ ಗದ್ದಲ ಎಬ್ಬಿಸುತ್ತದೆ. ಒಮ್ಮೊಮ್ಮೆ ರೆಕ್ಕೆ ಮುರಿದಂತೆ ನಟಿಸಿ ನಿಮ್ಮನ್ನು ಬೇರೆ ದಿಕ್ಕಿಗೆ ಎಳೆಯುವುದೂ ಉಂಟು. ಮರಿಗಳು ಹೊರಬಂದ ಮೇಲಂತೂ ಈ ಕೂಗೇ ಅವುಗಳಿಗೆ ಅಪ್ಪಣೆ; ಕೇಳಿದೊಡನೆ ಇದ್ದಲ್ಲೇ ನೆಲಕ್ಕೆ ಅಂಟಿಕೊಂಡು ಕದಲದೆ ಉಳಿಯುತ್ತವೆ.

ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮೊಟ್ಟೆಗೆ ಶಾಖ ಕೊಡುವುದಕ್ಕಿಂತ ನೆರಳು ಕೊಡುವುದೇ ಹೆಚ್ಚಿನ ಕೆಲಸ. ತಾಯಿಯೋ ತಂದೆಯೋ ಕೆರೆಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ತೇವದಿಂದ ಮೊಟ್ಟೆಗಳನ್ನು ತಂಪಾಗಿಡುವುದನ್ನು ದೂರದಿಂದ ನೋಡಬಹುದು. ನೀವು ಅಲ್ಲೇ ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ. ಮೊಟ್ಟೆಯನ್ನು ಬೇರೆಡೆಗೆ ಸಾಗಿಸಿದರೆ ಹಕ್ಕಿ ಅಲ್ಲಿಗೆ ಬಂದು ಕಾವು ಕೊಡುತ್ತದೆಂಬ ಭರವಸೆಯಿಲ್ಲ; ಗೂಡು, ಮೊಟ್ಟೆಗಳನ್ನು ಕದಲಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬೇಟೆಯೆಂದೇ ಪರಿಗಣಿಸುತ್ತದೆ. ನಾಯಿ ಕಂಡರೆ ಓಡಿಸಿ, ನೀವು ದಾರಿ ಬಿಟ್ಟು ಇಳಿಯಬೇಡಿ.

ಪ್ರಶ್ನೆ: ಚಿತ್ರದುರ್ಗದ ಚಂದ್ರವಳ್ಳಿ ಕೆರೆಯಲ್ಲಿ ನೀರುಕಾಗೆಯೊಂದು ಬಂಡೆಯ ಮೇಲೆ ರೆಕ್ಕೆ ಹರಡಿಕೊಂಡು ಬಹಳ ಹೊತ್ತು ಕೂತಿತ್ತು. ಗಾಯವಾಗಿತ್ತೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಇಲ್ಲ, ಅದು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ನೀರುಕಾಗೆಯ ಗರಿಗಳ ಹೊರಭಾಗ ಬಾತುಕೋಳಿಯದರಂತೆ ನೀರನ್ನು ಜಾರಿಸಿಬಿಡದೆ ಹೀರಿಕೊಳ್ಳುತ್ತದೆ. ಇದರಿಂದ ಮೈ ತೇಲುವುದು ಕಡಿಮೆಯಾಗಿ, ಮೀನಿನ ಬೆನ್ನುಹತ್ತಿ ಮುಳುಗುವುದು ಸುಲಭವಾಗುತ್ತದೆ. ಆದರೆ ನೆನೆದ ರೆಕ್ಕೆಯಿಂದ ಹಾರುವುದು ಶ್ರಮದ ಕೆಲಸ. ಆದ್ದರಿಂದ ಫೋಟೊ ತೆಗೆಯುವ ಆಸೆಗೆ ಬಂಡೆಯ ಹತ್ತಿರ ಹೋಗಿ ಅದನ್ನು ಎಬ್ಬಿಸದಿರಿ.