ಚಿಕಿತ್ಸಾ ಮಾರ್ಗಸೂಚಿ ಪುಸ್ತಕವನ್ನು ಆ್ಯಪ್ ಮಾಡುವುದು ಅಷ್ಟು ಕಷ್ಟವೇ? ಪಿಡಿಎಫ್ ಹಾಕಿದರೆ ಸಾಲದೇ?

ಸಾಲದು. ಪಿಡಿಎಫ್ ಅಂದರೆ ಮೊಬೈಲಿಗೆ ಹತ್ತಿದ ಕಾಗದ, ಅಷ್ಟೇ.

ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಗೆ ಆಶಾ ಕಾರ್ಯಕರ್ತೆ ಹೋಗಿದ್ದಾರೆ ಅಂದುಕೊಳ್ಳಿ. ಮಗುವಿಗೆ ಕೆಮ್ಮು. ಉಸಿರಾಟ ವೇಗವಾಗಿದೆಯೇ ನೋಡಬೇಕು. ವೇಗ ಅಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2 ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 12 ತಿಂಗಳೊಳಗೆ 50, 5 ವರ್ಷದೊಳಗೆ 40. ಹಾಗಾಗಿ ಆ್ಯಪ್‌ಗೆ ಮೊದಲು ವಯಸ್ಸು ಬೇಕು. ತಾಯಿ "ದೀಪಾವಳಿಗೆ ವರ್ಷ ತುಂಬುತ್ತೆ" ಅಂದರೆ? ಮಗು ಅಳುತ್ತಿದ್ದರೆ ಎಣಿಕೆಯೇ ತಪ್ಪುತ್ತದೆ, ಸುಮ್ಮನಾಗುವವರೆಗೆ ಕಾಯಬೇಕು. ಪುಸ್ತಕ ಓದುವವರು ಇದನ್ನೆಲ್ಲ ತಲೆಯಲ್ಲೇ ಸರಿದೂಗಿಸಿಕೊಳ್ಳುತ್ತಾರೆ. ಆ್ಯಪ್‌ಗೆ ಒಂದೊಂದನ್ನೂ ಬಿಡಿಸಿ ಹೇಳಬೇಕು.

ಬಿಡಿಸುವವರು ಯಾರು ಅನ್ನುವುದೇ ದೊಡ್ಡ ತಲೆನೋವು. ಆ್ಯಪ್ ಮಾಡುವ ಪ್ರತಿ ಕಂಪನಿಯೂ ತನಗೆ ತೋಚಿದಂತೆ ಅರ್ಥ ಮಾಡಿಕೊಂಡರೆ ಒಂದೇ ಪುಸ್ತಕದಿಂದ ಹತ್ತು ಬಗೆಯ ಸಲಹೆ ಹುಟ್ಟುತ್ತದೆ. ಪುಸ್ತಕವೂ ಬದಲಾಗುತ್ತಿರುತ್ತದೆ ಅಲ್ವಾ? 2016ರಲ್ಲಿ ಗರ್ಭಿಣಿಯರಿಗೆ ಎಷ್ಟು ಬಾರಿ ತಪಾಸಣೆ ಆಗಬೇಕು ಅನ್ನುವ ಇದೇ ಸಂಸ್ಥೆಯ ಶಿಫಾರಸು 4ರಿಂದ 8ಕ್ಕೆ ಏರಿತು.

ಇದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 'ಸ್ಮಾರ್ಟ್ ಗೈಡ್‌ಲೈನ್ಸ್' ಎಂಬ ಪದ್ಧತಿ ತಂದಿತು. ಮೊದಲು ಮಾಮೂಲಿ ಬರಹ. ನಂತರ ಅದನ್ನೇ "ಹೀಗಿದ್ದರೆ ಹೀಗೆ ಮಾಡಿ" ಎಂಬ ಕೋಷ್ಟಕ. ಆಮೇಲೆ ಕಂಪ್ಯೂಟರ್ ಓದಬಲ್ಲ ರೂಪ, ಅದರಿಂದ ತಂತ್ರಾಂಶ. ನನಗೆ ಹಿಡಿಸಿದ್ದು ಆ ಕೋಷ್ಟಕದ ಹಂತ. ಕೋಡ್ ಬಾರದ ಡಾಕ್ಟರೂ ಅದನ್ನು ನೋಡಿ ತಪ್ಪು ಹಿಡಿಯಬಹುದು. ಬಡ ದೇಶವೊಂದು ಸೊನ್ನೆಯಿಂದ ಶುರು ಮಾಡದೆ, ತನ್ನಲ್ಲಿ ಸಿಗುವ ಔಷಧಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಇನ್ನು ನೆಟ್‌ವರ್ಕ್. ಸಕಲೇಶಪುರದ ಘಾಟಿಯಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಗ್ನಲ್ ಇಲ್ಲದಾಗಲೂ ಆ್ಯಪ್ ಪೂರ್ತಿ ನಡೆಯಬೇಕು.