ಬಾಯಿ ಮುಚ್ಚಿಸುವ ದೊಡ್ಡವರನ್ನು ಕೇಳೋರು ಯಾರು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ 17 ವರ್ಷದ ಹುಡುಗನೊಬ್ಬ ಪಕ್ಕದ ಮನೆಯ ಪುಟ್ಟ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾನೆ. ಅಸೋಸಿಯೇಷನ್‌ನವರು ‘ಮಾತಾಡಿ ಮುಗಿಸೋಣ’ ಅಂದರು. ತಿಂಗಳಾದ ಮೇಲೆ ದೂರು ದಾಖಲಾಯಿತು. ಏನು ಪ್ರಯೋಜನ? ಅಪ್ರಾಪ್ತ ಅಂತ ಮೂರೇ ವರ್ಷಕ್ಕೆ ಬಿಡುತ್ತಾರೆ. ಇಂಥವರನ್ನು ಗಲ್ಲಿಗೆ ಹಾಕಬಾರದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಹೆಸರು, ಬಡಾವಣೆ, ಮಗುವಿನ ವಯಸ್ಸು ಎಲ್ಲವನ್ನೂ ತೆಗೆದಿದ್ದೇವೆ. ಆ ಮಗುವಿನ ಗುರುತು ಎಲ್ಲೂ ಸಿಗಬಾರದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಹೇಳುವುದೂ ಅದನ್ನೇ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಹದಿನೇಳರ ಹುಡುಗನಿಗೆ ತಾನು ಏನು ಮಾಡುತ್ತಿದ್ದೇನೆ ಅನ್ನೋದು ಗೊತ್ತಿರುತ್ತದೆ, ಒಪ್ಪುತ್ತೇನೆ. ಆದರೆ ಹದಿನೇಳರವನಿಗೂ ‘ಮೂರೇ ವರ್ಷ’ ಖಂಡಿತ ಅನ್ನುವುದು ಹಳೆಯ ಮಾತು. ಅದು 2000ದ ಬಾಲ ನ್ಯಾಯ ಕಾಯ್ದೆ. 2012ರ ಡಿಸೆಂಬರ್ 16ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಬಾಲಾಪರಾಧಿ ಹೊರಬಂದದ್ದು 2015ರ ಡಿಸೆಂಬರ್ 20ರಂದು. ಎರಡೇ ದಿನಕ್ಕೆ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಅದು ಜಾರಿಯಲ್ಲಿದೆ.

ಈಗ 16 ತುಂಬಿದವನು ಘೋರ ಅಪರಾಧ ಮಾಡಿದ ಆರೋಪವಿದ್ದರೆ, ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವಂಥದ್ದು, ಬಾಲ ನ್ಯಾಯ ಮಂಡಳಿ ಅವನ ಮನಸ್ಸು, ಮೈಬಲ, ಪರಿಣಾಮದ ಅರಿವು, ಸಂದರ್ಭ ಎಲ್ಲ ನೋಡುತ್ತದೆ. ಮಂಡಳಿಯಲ್ಲೇ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ಇದಕ್ಕೆ ಅಂಥವರ ನೆರವು ಬೇಕೇ ಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೊಡ್ಡವರಂತೆ ವಿಚಾರಣೆ ಆಗಬೇಕು ಅನ್ನಿಸಿದರೆ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಶಿಕ್ಷೆಯಾದರೆ 21 ವರ್ಷ ತುಂಬುವವರೆಗೆ ‘ಸುರಕ್ಷಿತ ಸ್ಥಳ’ ಎಂಬ, ಜೈಲಲ್ಲದ ಬೇರೆ ಕೇಂದ್ರದಲ್ಲಿ ಇಡುತ್ತಾರೆ. ಆಮೇಲೆ ಅವನು ಬದಲಾಗಿದ್ದಾನಾ ಎಂದು ಕೋರ್ಟ್ ನೋಡುತ್ತದೆ. ಇಲ್ಲ ಅನ್ನಿಸಿದರೆ ಉಳಿದ ಅವಧಿಗೆ ಜೈಲು. ಗಲ್ಲು ಮಾತ್ರ ಇಲ್ಲ. ಅದು ಇರಬಾರದು ಎನ್ನುವವನು ನಾನು. ದೆಹಲಿ ಪ್ರಕರಣದ ನಂತರ ಇಡೀ ದೇಶ ಕುದಿಯುತ್ತಿದ್ದಾಗಲೂ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಬಾಲಾಪರಾಧಿಯ ವಯಸ್ಸನ್ನು ಇಳಿಸಿ ಎನ್ನಲಿಲ್ಲ. ಆ ಧೈರ್ಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಬೇರೆಯೇ. ಹುಡುಗನ ಬಗ್ಗೆ ಅಷ್ಟೊಂದು ಬರೆದಿದ್ದೀರಿ. ಹುಡುಗಿ ಈಗ ಹೇಗಿದ್ದಾಳೆ, ಸ್ಕೂಲಿಗೆ ಹೋಗ್ತಿದ್ದಾಳಾ, ಒಂದು ಮಾತೂ ಇಲ್ಲ. ಆ ‘ಮಾತಾಡಿ ಮುಗಿಸೋಣ’ ಅನ್ನುವುದನ್ನು ಎಷ್ಟು ಸುಲಭವಾಗಿ ದಾಟಿಬಿಟ್ಟಿರಿ! ಇಂಥದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ. ಆರು ತಿಂಗಳವರೆಗೆ ಜೈಲಾಗಬಹುದು.

ಹಿಂದೆ ನಾನು ಬಾಡಿಗೆಗಿದ್ದ ಬೀದಿಯಲ್ಲೂ ಹೀಗೇ ಆಗಿತ್ತು. ಹಿರಿಯರು ಕಾಫಿ ಕುಡಿಯುತ್ತಾ ರಾಜಿ ಮಾಡಿಸಿದರು. ‘ಹುಡುಗನ ಪಿಯುಸಿ ಹಾಳಾಗುತ್ತೆ’ ಅಂದರು. ಅವನನ್ನು ಸೋದರಮಾವನ ಊರಿಗೆ ಕಳಿಸಿದರು. ಮನೆ ಖಾಲಿ ಮಾಡಿದ್ದು ಹುಡುಗಿಯ ಅಪ್ಪ ಅಮ್ಮ. ಅಲ್ಲಿ ಕಾನೂನು ಸೋಲಲಿಲ್ಲ, ಅದನ್ನು ಯಾರೂ ಕರೆಯಲೇ ಇಲ್ಲ. ಗಲ್ಲು ಅಂತ ಇದ್ದಿದ್ದರೆ ಆ ಹಿರಿಯರು ಇನ್ನೂ ಗಟ್ಟಿಯಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಂಥ ಕೇಸುಗಳಲ್ಲಿ ಆರೋಪಿ ಹೆಚ್ಚಾಗಿ ಪರಿಚಯದವನೇ. ಅಣ್ಣನ ಮಗನನ್ನು, ಪಕ್ಕದ ಮನೆಯ ಹುಡುಗನನ್ನು ನೇಣಿಗೆ ಕೊಡಲು ಯಾವ ಮನೆ ದೂರು ಬರೆಸುತ್ತೆ, ಹೇಳಿ?

ಹುಡುಗರಿಗೆ ನಾವು ಹೇಳಿಕೊಟ್ಟಿದ್ದಾದರೂ ಏನು? ಶಾಲೆಗಳಲ್ಲಿ ಲೈಂಗಿಕ ತಿಳಿವಳಿಕೆ ಕೊಡುವ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮದ ವಿರುದ್ಧ 2007ರಲ್ಲಿ ‘ನಮ್ಮ ಸಂಸ್ಕೃತಿಗೆ ಒಗ್ಗಲ್ಲ’ ಅಂತ ಎಷ್ಟು ರಾಜ್ಯಗಳು ಎಗರಾಡಿದವು! ನಮ್ಮ ಕರ್ನಾಟಕವೂ ಅದರಲ್ಲಿತ್ತು. ಮೇಷ್ಟ್ರು ಹೇಳಬಾರದು, ಅಪ್ಪ ಹೇಳಲ್ಲ. ಮೊಬೈಲು ಹೇಳುತ್ತದೆ, ಅದೂ ಹೆಣ್ಣಿನ ಒಪ್ಪಿಗೆಗೆ ಬೆಲೆಯೇ ಇಲ್ಲ ಅನ್ನೋ ಹಾಗೆ. ಟ್ಯೂಷನ್‌ಗೆ ಲಕ್ಷಗಟ್ಟಲೆ ಸುರಿಯುವ ಈ ಊರಿನಲ್ಲಿ ಮಗನ ಜೊತೆ ಈ ವಿಷಯ ಕೂತು ಮಾತಾಡಲು ಅಪ್ಪಂದಿರಿಗೆ ಪುರುಸೊತ್ತಿಲ್ಲ. ಇದು ನನ್ನನ್ನು ಬಹಳ ವರ್ಷಗಳಿಂದ ಸುಡುತ್ತಿರುವ ಸಂಗತಿ.

ನೀವು ದೂರು ದಾಖಲಾಗಿದ್ದಕ್ಕೆ ‘ಏನು ಪ್ರಯೋಜನ’ ಅಂದಿರಿ. ಹಾಗನ್ನಬೇಡಿ. ಪೋಕ್ಸೋ ವಿಚಾರಣೆಯಲ್ಲಿ ಮಗುವನ್ನು ಮತ್ತೆ ಮತ್ತೆ ಕೋರ್ಟಿಗೆ ಕರೆಸುವಂತಿಲ್ಲ. ಅವಳ ಜೊತೆಗಿರಲು ಬೆಂಬಲ ವ್ಯಕ್ತಿಯೊಬ್ಬರನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡಬಹುದು. ಆ ಮನೆಯವರಿಗೆ ಇದು ಗೊತ್ತಿದೆಯೇ, ಇವತ್ತೇ ಹೋಗಿ ಕೇಳಿ. ಸಾಕ್ಷಿಗೆ ಕರೆದರೆ ಹಿಂಜರಿಯಬೇಡಿ. ತನಿಖಾಧಿಕಾರಿ ಬಂದಾಗ, ಅಸೋಸಿಯೇಷನ್ ಮೀಟಿಂಗಿನಲ್ಲಿ ಯಾರು ಯಾರು ಏನೇನು ಹೇಳಿದರು ಅನ್ನುವುದನ್ನೂ ಹೇಳಿ.
– ಸಂ.